ಹೆಸರಿಲ್ಲದ ದುಡಿಮೆಗಾರನ ಸ್ಮರಣೆ

1865ರಲ್ಲಿ ಮಂಗಳೂರಿನ ನೇತ್ರಾವತೀ ತೀರದಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಪ್ಲೆಬ್ಸ್ಟ್ ಎಂಬ ಮಿಶನರಿಯ ಹೆಸರು ಗ್ರಂಥಗಳಲ್ಲಿ ಉಂಟು. ಆದರೆ ಅಲ್ಲಿ ಆವೆಮಣ್ಣನ್ನು ಹದಮಾಡಿ, ಅಚ್ಚಿಗೆ ಒತ್ತಿ, ಭಟ್ಟಿಯ ಬೇಗೆಯಲ್ಲಿ ನಿಂತು, ಸಂಜೆಗೆ ಮಕ್ಕಳ ಬಳಿಗೆ ಶಾಂತಮುಖದಿಂದ ಮರಳಿದ ತಂದೆಯಂದಿರ ಹೆಸರುಗಳನ್ನು ಬಲ್ಲವರು ಯಾರು? ಅವರು ಒತ್ತಿದ ಹಂಚುಗಳು ಮಾತ್ರ ಎಷ್ಟೋ ಮನೆಗಳಿಗೆ ನೆರಳಾದವು.

ಕೆಲವರು, “ಹೆಂಡತಿಮಕ್ಕಳನ್ನು ಸಾಕುವದು ಯಾವನಿಗೂ ಕರ್ತವ್ಯವೇ; ಅದಕ್ಕೆ ಹೊಗಳಿಕೆ ಯಾಕೆ?” ಅನ್ನುತ್ತಾರೆ. ಮಾತು ಸರಿಯೆಂದೇ ತೋರುವದು. ಆದರೆ ಕರ್ತವ್ಯವನ್ನು ಒಂದು ದಿನ ಮಾಡುವದು ಸುಲಭ. ಮೂವತ್ತು ವರುಷ ಗೊಣಗದೆ ಮಾಡುವದು ಬೇರೆ. ಇದಲ್ಲದೆ, ದುಡಿಮೆಗೆ ಕೂಲಿ ಸಲ್ಲುತ್ತದೆ. ದಣಿದು ಬಂದವನು ಆಡಿದ ಮೆಲುನುಡಿಗೆ ಯಾವ ಧಣಿಯೂ ಕೂಲಿ ಕೊಡುವದಿಲ್ಲ, ಕೊಡದಿದ್ದರೆ ಯಾರೂ ಲೆಕ್ಕ ಕೇಳುವದೂ ಇಲ್ಲ. ಅದು ಕರ್ತವ್ಯಕ್ಕೆ ಮೇಲಾಗಿ ಕೊಟ್ಟದ್ದು. (ಮುಂಗೋಪವನ್ನೇ ದುಡಿಮೆಯ ಗುರುತೆಂದು ತಿಳಿದ ಮನೆಯ ಯಜಮಾನರು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ.)

ಆದಕಾರಣ ಇಂಥವನು ತೀರಿಹೋದಾಗ ಮಕ್ಕಳು ಸಾಲ ಮಾಡಿ ಕಲ್ಲುಗೋರಿ ಕಟ್ಟಿಸುವದನ್ನು ನಾವು ಒಪ್ಪಲಾರೆವು. ಅವನು ಸಾಲಕ್ಕೆ ಅಂಜಿ ಬಾಳಿದವನಲ್ಲವೇ? ಅವನು ಹೇಗೆ ದುಡಿದನು, ಹೊತ್ತು ಮುಳುಗಿದ ಮೇಲೆ ಮನೆಯವರೊಡನೆ ಹೇಗೆ ಮಾತಾಡಿದನು ಎಂಬದನ್ನು ಮೊಮ್ಮಕ್ಕಳಿಗೆ ಆಗಾಗ್ಗೆ ಹೇಳುತ್ತಿದ್ದರೆ ಸಾಕು.