ಹುಣ್ಣಿಮೆಯ ಓದು: ಚೋಮ ಯಾಕೆ ಹಿಂತಿರುಗಿದ?

  

ಪ್ರತಿ ಹುಣ್ಣಿಮೆ ಸಂಜೆ ಬುದ್ಧವಂದನೆ ಮುಗಿದ ಮೇಲೆ ನಾವು ಕೆಲವರು ಕೂತು ಒಂದು ಕಾದಂಬರಿಯ ಬಗ್ಗೆ ಮಾತಾಡುತ್ತೇವೆ. ಈ ಸಲ ಶಿವರಾಮ ಕಾರಂತರ 'ಚೋಮನ ದುಡಿ'. 1933ರ ಪುಸ್ತಕ. ಓದು ಬಾರದ ಹಿರಿಯರಿಗೆ ಮನೆಯ ಮಕ್ಕಳು ಜೋರಾಗಿ ಓದಿ ಹೇಳಿದ್ದರು.

ಎಂ.ಎ.ಯಲ್ಲಿ ಓದಿದ್ದ ಪುಸ್ತಕ ಅಂತ ನಾನೇ ಮೊದಲು ಬಾಯಿ ತೆರೆದೆ. ಸ್ವಂತ ಬೇಸಾಯದ ಆಸೆಗೆ ಚೋಮ ಮತಾಂತರಕ್ಕೆ ಹೊರಡುತ್ತಾನೆ. ಆದರೆ ತನ್ನ ದೈವ ಪಂಜುರ್ಲಿಯನ್ನು ಬಿಡಲಾಗದೆ ಹಿಂತಿರುಗುತ್ತಾನೆ. "ಇದು ಮೌಢ್ಯ" ಎಂದು ತೀರ್ಪು ಕೊಟ್ಟುಬಿಟ್ಟೆ.

ಕಾಲೇಜು ಓದುವ ಹುಡುಗನೊಬ್ಬ ಒಪ್ಪಲಿಲ್ಲ. "ಸಾರ್, ಹಿಂತಿರುಗಿಸಿದ್ದು ಬರೆದವರು. ನಮ್ಮವರೇ ಬರೆದಿದ್ದರೆ ಚೋಮ ಮುಂದೆ ಹೋಗುತ್ತಿದ್ದ" ಎಂದ.

ಗೋಡೆಗೊರಗಿ ಕೂತಿದ್ದ ಅಜ್ಜಿ ಹೇಳಿದರು: "ಅಂಗಲ್ಲ ಮಗ. ದೇವ್ರ ಬುಡೋದು ಅಂದ್ರೆ ಸತ್ತೋಗಿರೊ ಅಪ್ಪ ಅವ್ವನ್ನೂ ಬುಟ್ಟಂಗಾಯ್ತದೆ. ಕಾಲೇ ಏಳಾಕಿಲ್ಲ ಕಣಪ್ಪ."

ನನಗೆ ಮಾತು ಹೊರಡಲಿಲ್ಲ. ನಾವು ದೀಕ್ಷೆ ತೆಗೆದುಕೊಂಡ ದಿನ ನನ್ನ ಅಪ್ಪನೂ ಬಿಳಿ ಪಂಚೆ ಉಟ್ಟು ಬಂದಿದ್ದರು. ಪ್ರತಿಜ್ಞೆ ಶುರುವಾಗುವ ಮೊದಲೇ ಎದ್ದು ಹೋದರು. ಆ ಸಿಟ್ಟನ್ನು ಅವರು ತೀರಿಕೊಳ್ಳುವವರೆಗೂ ನಾನು ಬಿಡಲಿಲ್ಲ. "ಯಾಕಪ್ಪ ಎದ್ದು ಹೋದೆ?" ಎಂದು ಒಂದು ದಿನವೂ ಕೇಳಲಿಲ್ಲ.

ಹಿಂದೂವಾಗಿ ಸಾಯುವುದಿಲ್ಲ ಎಂದು ಬಾಬಾಸಾಹೇಬರು ಯೇವಲಾದಲ್ಲಿ ಸಾರಿದ್ದು 1935ರಲ್ಲಿ. ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರಲ್ಲಿ. ನಡುವೆ 21 ವರ್ಷ ಓದಿದರು, ಯೋಚಿಸಿದರು. ನಾನು ಅಪ್ಪನಿಗೆ ಒಂದು ಸಂಜೆಯನ್ನೂ ಕೊಡಲಿಲ್ಲ. ಅವರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಹಳೆಯ ದೇವರುಗಳನ್ನು ಬಿಡುವುದೂ ಇದೆ, ಎಲ್ಲ ಜೀವಿಗಳಿಗೆ ದಯೆ ತೋರುವುದೂ ಇದೆ. ನಾನು ಮೊದಲಿನದನ್ನಷ್ಟೇ ಹಿಡಿದುಕೊಂಡಿದ್ದೆ.

ಗುರು ಹೇಳಿದನೆಂದು ಒಪ್ಪಬೇಡಿ, ನೀವೇ ಪರೀಕ್ಷಿಸಿ ನೋಡಿ ಎಂದು ಭಗವಾನರು ಕಾಲಾಮರಿಗೆ ತಿಳಿಸಿದರು. ಮೇಷ್ಟ್ರ ಮಾತಿಗೂ ಇದು ಸಲ್ಲುತ್ತದೆ. ಒಬ್ಬನೇ ಓದಿದಾಗ ನನ್ನ ತೀರ್ಪನ್ನು ಪರೀಕ್ಷಿಸುವವರು ಯಾರೂ ಇರಲಿಲ್ಲ. ಕೂಡಿ ಓದಿದಾಗ ಆ ಹುಡುಗ ಇದ್ದ, ಅಜ್ಜಿ ಇದ್ದರು. ಸಂಘಕ್ಕೆ ಶರಣು ಹೋಗುವುದು ಎಂದರೆ ಇದೂ ಹೌದು.

ಇಂದಿನ ಅಭ್ಯಾಸ: ನಿಮ್ಮ ಮನೆಯಲ್ಲಿ ಧಮ್ಮದ ಬಾಗಿಲವರೆಗೆ ಬಂದು ಹಿಂತಿರುಗಿದವರು ಇರಬಹುದು. ಇಂದು ಅವರ ಪಕ್ಕ ಕೂತು ಕಾರಣ ಕೇಳಿ. ಉತ್ತರ ಮುಗಿಯುವವರೆಗೆ ಮಧ್ಯೆ ಬಾಯಿ ಹಾಕಬೇಡಿ.

ಮುಂದಿನ ಹುಣ್ಣಿಮೆಗೆ ದೇವನೂರ ಮಹಾದೇವ ಅವರ 'ಕುಸುಮಬಾಲೆ'. ಈ ಸಲ ಅಜ್ಜಿ ಮೊದಲು ಮಾತಾಡುತ್ತಾರೆ. ನಾನು ಕೊನೆಗೆ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.