ಪ್ರಳಯ ನಾಳೆಯಾದರೆ ಇವತ್ತೇನು ಮಾಡೋಣ?

ಜಗತ್ತು ನಾಳೆಯೇ ಮುಗಿಯುತ್ತೆ ಅಂತಾದರೆ ಇವತ್ತಿನ ಕೆಲಸಕ್ಕೆ ಅರ್ಥ ಇದೆಯಾ? 2012ರ ಡಿಸೆಂಬರಿನಲ್ಲಿ ಈ ಪ್ರಶ್ನೆ ನಮ್ಮ ಮಾಸೂರಿಗೂ ಬಂದಿತ್ತು. 21ನೇ ತಾರೀಖಿಗೆ ಮಾಯನ್ ಕ್ಯಾಲೆಂಡರ್ ಮುಗಿಯುತ್ತೆ, ಅವತ್ತೇ ಪ್ರಳಯ ಅಂತ ಟಿವಿಯವರು ಹೇಳಿದ್ದೇ ಹೇಳಿದ್ದು. ಎಸ್ಸೆಸ್ಸೆಲ್ಸಿ ಓದುತ್ತಿದ್ದ ನಮ್ಮ ಕಾಕಾನ ಮಗಳು ಫೋನ್ ಮಾಡಿ, “ಅಣ್ಣಾ, ಎಲ್ಲಾ ಮುಳುಗಿ ಹೋಗೂದಾದ್ರ ಮಾರ್ಚ್ ಪರೀಕ್ಷಾಕ್ಕ ಯಾಕ ಓದ್ಬೇಕು?” ಅಂದಳು.

ನಗುವಂಥ ಪ್ರಶ್ನೆಯಲ್ಲ ಇದು. ಅವಳ ತರ್ಕ ಸರಿಯಾಗೇ ಇತ್ತು; ದೊಡ್ಡವರು ಕೊಟ್ಟ ಮಾಹಿತಿ ತಪ್ಪಿತ್ತು.

ಲೆಕ್ಕ ಇಷ್ಟೇ. ಮಾಯನ್ನರು 1,44,000 ದಿನಗಳನ್ನು ಒಂದು ಬಕ್ತೂನ್ ಅನ್ನುತ್ತಿದ್ದರು. ಕ್ರಿ.ಪೂ. 3114ರಿಂದ ಎಣಿಸಿದರೆ 2012ಕ್ಕೆ 13 ಬಕ್ತೂನ್ ತುಂಬಿದವು. ನಮ್ಮಲ್ಲಿ ಅಕ್ಷಯ ಸಂವತ್ಸರ ಮುಗಿದರೆ ಮತ್ತೆ ಪ್ರಭವದಿಂದ ಶುರು ಆಗೋದಿಲ್ವೇ, ಹಾಗೆ. 1987ರ ಯುಗಾದಿಗೆ ಅರವತ್ತು ಸಂವತ್ಸರಗಳ ಒಂದು ಸುತ್ತು ಮುಗಿಯಿತು, ನಾವು ಬೇವು ಬೆಲ್ಲ ತಿಂದೆವು. ಮಾಯನ್ನರದೇ ಪಲೆಂಕೆಯ ಶಾಸನವೊಂದರಲ್ಲಿ ಕ್ರಿ.ಶ. 4772ರ ದಿನವೊಂದರ ಲೆಕ್ಕವಿದೆ. 2012ಕ್ಕೇ ಎಲ್ಲ ಮುಗಿಯುತ್ತೆ ಅಂದುಕೊಂಡವರು ಹಾಗೆ ಬರೆಸುತ್ತಿದ್ದರಾ?

ನನ್ನ ಕಸುಬಿನಲ್ಲೂ ಇಂಥದೊಂದು ದಿನ ಇದೆ. ಕೆಲವು ಹಳೇ ಕಂಪ್ಯೂಟರ್ ವ್ಯವಸ್ಥೆಗಳು 1970ರಿಂದ ಸೆಕೆಂಡುಗಳನ್ನು ಎಣಿಸುತ್ತಿವೆ. ಅವುಗಳ 32 ಬಿಟ್ ಜಾಗ 2038ರ ಜನವರಿ 19ರ ಬೆಳಿಗ್ಗೆ, ನಮ್ಮ ಗಡಿಯಾರದಲ್ಲಿ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿಹೋಗುತ್ತೆ. ಇದು ಖರೇ ಎಚ್ಚರಿಕೆ. ಯಾಕಂದ್ರೆ ಇದು ಕೆಲಸ ಹಚ್ಚುತ್ತೆ: ಕೋಡ್ ಹುಡುಕು, 64 ಬಿಟ್‌ಗೆ ಬದಲಿಸು, ಪರೀಕ್ಷಿಸು. ಪ್ರಳಯದ ಸುದ್ದಿ ಕೈಯಲ್ಲಿದ್ದ ಕೆಲಸವನ್ನೂ ಬಿಡಿಸುತ್ತೆ. ಎಚ್ಚರಿಸೋದಕ್ಕೂ ಹೆದರಿಸೋದಕ್ಕೂ ಇರೋ ಫರಕು ಇದೇ ಅಂತ ನನಗನ್ನಿಸುತ್ತೆ. ಹೆದರಿಸಿದವರಿಗೆ 22ನೇ ತಾರೀಖು ಬೇರೆ ಸುದ್ದಿ ಸಿಗುತ್ತೆ, ಓದು ಬಿಟ್ಟ ಹುಡುಗಿಗೆ ಹೋದ ತಿಂಗಳು ಸಿಗೋದಿಲ್ಲ.

ಹಾಗಂತ ಭವಿಷ್ಯ ಕೇಳೋ ಜನರೆಲ್ಲ ದಡ್ಡರಲ್ಲ. ನಮ್ಮ ಜಿಲ್ಲೆಯ ದೇವರಗುಡ್ಡದಲ್ಲಿ ಗೊರವಯ್ಯ ಬಿಲ್ಲೇರಿ ಒಂದೇ ಸಾಲಿನ ಕಾರ್ಣಿಕ ನುಡೀತಾರೆ. ಮಳೆ, ಬೆಳೆ, ರಾಜಕೀಯ ಅಂತ ಜನ ಅದಕ್ಕೆ ನಾನಾ ಅರ್ಥ ಹಚ್ಚುತ್ತಾರೆ. ಆಮೇಲೆ ಊರಿಗೆ ಬಂದು ಗೋವಿನಜೋಳದ ರಾಶಿ ಮಾಡ್ತಾರೆ, ಹಿಂಗಾರಿಗೆ ಹೊಲ ಹದ ಮಾಡ್ತಾರೆ. ನಂಬಿಕೆ ಇದ್ದರೂ ಕೂರಿಗೆ ಅಟ್ಟಕ್ಕೆ ಹೋಗೋದಿಲ್ಲ.

ಲೆಕ್ಕವೆಲ್ಲ ಹೇಳಿದ ಮೇಲೂ ತಂಗಿ, “ಅಕಸ್ಮಾತ್ ಖರೇ ಆದ್ರ?” ಅಂದಳು. ಈ ಪ್ರಶ್ನೆಗೆ ಗಣಿತ ಸಾಲದು. ಜಗತ್ತಿನದು ಹೇಗೋ ಏನೋ, ನಮ್ಮ ನಮ್ಮ ಪ್ರಳಯವಂತೂ ಖಚಿತ. ತಾರೀಖು ಗೊತ್ತಿಲ್ಲ, ಅಷ್ಟೇ. ಹಾಗಿದ್ದರೂ ಮುದುಕರು ಮಾವಿನ ಸಸಿ ನೆಡುತ್ತಾರೆ. ಊರ ಹತ್ತಿರದ ಮದಗ ಮಾಸೂರು ಕೆರೆಯನ್ನೇ ನೋಡಿ. ವಿಜಯನಗರದ ಕಾಲದಲ್ಲಿ ಗುಡ್ಡಗಳ ನಡುವೆ ಕುಮುದ್ವತಿಗೆ ಏರಿ ಹಾಕಿದರು. ಮಣ್ಣು ಹೊತ್ತವರು ಯಾರೂ ಈಗ ಇಲ್ಲ, ತಾವು ಉಳಿಯೋದಿಲ್ಲ ಅಂತ ಅವರಿಗೂ ಗೊತ್ತಿತ್ತು. ಆದರೂ ಬುಟ್ಟಿ ಕೆಳಗಿಡಲಿಲ್ಲ. ಅವರ ಹೆಸರು ಹೋಯಿತು, ನೀರು ನಿಂತಿದೆ.