ಸ್ವಭಾವವು ಬದಲಾಗಬಲ್ಲುದೆ?

ಹುಟ್ಟುಗುಣ ಸುಟ್ಟರೂ ಹೋಗದೆಂಬ ಗಾದೆಯು ನಮ್ಮ ಮನೆಗಳಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುವುದು. ಸ್ವಭಾವವನ್ನು ಮೀರುವುದು ದುಸ್ಸಾಧ್ಯವೆಂಬರ್ಥದ ಸೂಕ್ತಿಗಳಿಗೆ ಸಂಸ್ಕೃತದಲ್ಲಿಯೂ ಕೊರತೆಯಿಲ್ಲ. ಮುಂಗೋಪಿಯಾದ ತಂದೆ, ಕಾರಣವಿಲ್ಲದೆ ಸಂಶಯಪಡುವ ಗಂಡ, ಬೆಳಿಗ್ಗೆ ದೇವರೆಂದು ಹೊಗಳಿದವರನ್ನೇ ಸಂಜೆಗೆ ಶತ್ರುವೆಂದು ತೆಗಳುವ ಮಗಳು, ಇವರೆಲ್ಲರ ವಿಷಯದಲ್ಲಿಯೂ ನೆರೆಹೊರೆಯವರ ತೀರ್ಪು ಈ ಗಾದೆಯೊಂದೇ. ಹೇಳಿದವನಿಗೆ ಅದರಿಂದ ಒಂದು ಸೌಕರ್ಯವುಂಟು: ಮುಂದೆ ಅವನು ಏನನ್ನೂ ಮಾಡಬೇಕಾದುದಿಲ್ಲ. ಆದರೆ ಇಷ್ಟಲಿಂಗವನ್ನು ಧರಿಸಿದವನು ಈ ಗಾದೆಯನ್ನು ಒಪ್ಪಬಹುದೆ ಎಂಬುದೇ ಇಲ್ಲಿಯ ಪ್ರಶ್ನೆ.

ದೀಕ್ಷೆಯಿಂದ ಭಕ್ತನ ಪೂರ್ವಾಶ್ರಯವು ಅಳಿಯುವುದೆಂದು ನಾವು ನಂಬುವೆವು. ಲಿಂಗವಂತನಾದವನ ಹಿಂದಿನ ಕುಲವನ್ನು ಕೇಳುವುದು ದೋಷವೆಂದು ಶರಣರು ಸಾರಿದರು. ಹುಟ್ಟಿನಿಂದ ಬಂದುದೇ ಕಡೆಯ ಮಾತಲ್ಲವೆಂಬುದು ಹನ್ನೆರಡನೆಯ ಶತಮಾನದ ಆ ಮಹಾ ಆಂದೋಲನದ ಜೀವಾಳ. ಹುಟ್ಟಿನ ಕುಲವು ಮನುಷ್ಯನನ್ನು ಕಟ್ಟಿಹಾಕಲಾರದೆಂದು ಒಪ್ಪಿದ ಮೇಲೆ, ಹುಟ್ಟಿನ ಗುಣವು ಮಾತ್ರ ಅವನನ್ನು ಕಟ್ಟಿಹಾಕುವುದೆಂದು ಯಾವ ಬಾಯಿಂದ ಹೇಳುವುದು? ಒಂದನ್ನು ಒಪ್ಪಿ ಇನ್ನೊಂದನ್ನು ಬಿಡುವುದು ಅರ್ಧ ದೀಕ್ಷೆಯಂತೆ ನನಗೆ ತೋರುವುದು.

ಆಧುನಿಕ ಮನೋವೈದ್ಯರು ಈ ಪ್ರಶ್ನೆಯನ್ನು ತಮ್ಮ ರೀತಿಯಲ್ಲಿ ಪರೀಕ್ಷಿಸಿರುವರು. ತನ್ನನ್ನು ತಾನು ಕಾಣುವ ಬಗೆಯೂ ಪರರೊಡನೆ ನಡೆದುಕೊಳ್ಳುವ ಬಗೆಯೂ ದೀರ್ಘಕಾಲ ಕೆಟ್ಟು, ಅದರಿಂದ ತನಗೂ ತನ್ನವರಿಗೂ ನೋವಾಗುತ್ತಿದ್ದರೆ ಅದನ್ನು ಅವರು ವ್ಯಕ್ತಿತ್ವದ ಅಸ್ವಸ್ಥತೆಯೆಂದು ಕರೆಯುವರು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಸೂಚಿಯ ಪ್ರಕಾರ ಈ ಸ್ಥಿತಿಯು ಎರಡು ವರ್ಷಗಳಷ್ಟಾದರೂ ಮುಂದುವರಿದಿರಬೇಕು. ಹಿಂದೆ ಇದ್ದ ಹಲವು ಹೆಸರುಗಳನ್ನು ಕೈಬಿಟ್ಟು, ಸೌಮ್ಯ, ಮಧ್ಯಮ, ತೀವ್ರವೆಂಬ ಮೂರು ತರತಮಗಳನ್ನೇ ಅಲ್ಲಿ ಮುಖ್ಯವಾಗಿ ಹೇಳಲಾಗಿದೆ. ಗುಣದೋಷವೆಂಬುದು ಕೆಲವರಲ್ಲಿ ಮಾತ್ರ ಇರುವ ಬೇರೆಯೇ ಪದಾರ್ಥವಲ್ಲ, ಎಲ್ಲರಲ್ಲಿಯೂ ಹೆಚ್ಚುಕಡಿಮೆಯಾಗಿ ಇರುವುದು ಎಂಬ ವಿವೇಕ ಇದರ ಹಿಂದೆ ಇದೆ. ಪರರ ಡೊಂಕಿಗಿಂತ ಮೊದಲು ತಮ್ಮ ಮನಸ್ಸಿನ ಚಾಂಚಲ್ಯವನ್ನೇ ಬಯಲಿಗಿಟ್ಟ ಬಸವಣ್ಣನವರ ವಚನಗಳನ್ನು ಓದಿದವರಿಗೆ ಇದು ಅಪರಿಚಿತವಾಗಿ ಕಾಣದು. ಹಾಗೆಂದು, ಇಂದಿನ ವೈದ್ಯಶಾಸ್ತ್ರವನ್ನೆಲ್ಲ ಶರಣರು ಅಂದೇ ಹೇಳಿಬಿಟ್ಟಿದ್ದರೆಂಬ ಚಪಲದ ಮಾತನ್ನು ನಾನು ಆಡುವವನಲ್ಲ.

ಒಂದು ಎಚ್ಚರಿಕೆಯು ಅವಶ್ಯ. ಲೋಕದ ದಾರಿಯನ್ನು ಬಿಟ್ಟು ನಡೆದವರೆಲ್ಲ ಅಸ್ವಸ್ಥರಲ್ಲ. ನಮ್ಮ ಜಿಲ್ಲೆಯ ಉಡುತಡಿಯಲ್ಲಿ ಹುಟ್ಟಿದ ಅಕ್ಕಮಹಾದೇವಿಯು ಮನೆಯನ್ನು ತೊರೆದು ಹೊರಟಾಗ ಕಂಡವರು ಏನೆಂದಿರಬಹುದೆಂದು ಊಹಿಸಬಹುದು. ಅದೇ ಸೀಮೆಯ ಬಳ್ಳಿಗಾವಿಯ ಅಲ್ಲಮಪ್ರಭುಗಳಾದರೋ ಅನುಭವಮಂಟಪದಲ್ಲಿ ಆಕೆಗೆ ಕಠಿಣವಾದ ಪ್ರಶ್ನೆಗಳನ್ನು ಹಾಕಿದರು, ಉತ್ತರವನ್ನು ಪೂರ್ಣವಾಗಿ ಆಲಿಸಿದರು, ಅನಂತರ ಗೌರವಿಸಿದರು ಎಂದು ಶೂನ್ಯಸಂಪಾದನೆಯು ನಿರೂಪಿಸುವುದು. ಹೆಸರಿಡುವ ಮೊದಲು ಆಲಿಸುವ ಈ ಕ್ರಮವೇ ಸರಿಯಾದುದು. ಮೇಲೆ ಹೇಳಿದ ರೋಗಸೂಚಿಯೂ, ಸಮಾಜದೊಡನೆಯ ವಿರೋಧ ಮಾತ್ರದಿಂದ ಯಾರನ್ನೂ ಈ ಗುಂಪಿಗೆ ಸೇರಿಸಬಾರದೆಂದು ಹೇಳುವುದು.

ಇನ್ನು ಸಂಶೋಧನೆಯ ವಿಷಯ. ಈ ಅಸ್ವಸ್ಥತೆಗಳಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಪಟ್ಟುದು ವೈದ್ಯರು ಬಾರ್ಡರ್‌ಲೈನ್ ಎಂದು ಕರೆಯುವ ಬಗೆ. ಭಾವಗಳು ಕ್ಷಣಕ್ಷಣಕ್ಕೆ ಉಕ್ಕುವುದು, ಬಿಟ್ಟುಹೋಗುವರೆಂಬ ಭಯ, ತನ್ನ ದೇಹಕ್ಕೆ ತಾನೇ ಹಾನಿಮಾಡಿಕೊಳ್ಳುವುದು ಇದರ ಲಕ್ಷಣಗಳು. ಇದು ವಾಸಿಯಾಗದೆಂದೇ ಬಹುಕಾಲ ವೈದ್ಯರೂ ಭಾವಿಸಿದ್ದರು. ಅವರಿಗೂ ಒಂದು ಗಾದೆ ಇತ್ತೆನ್ನಬಹುದು. ಅಮೆರಿಕದ ಮಾರ್ಷಾ ಲೈನ್‌ಹನ್ ಎಂಬ ವಿದುಷಿಯು 1991ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಒಂದು ವರ್ಷದ ಕ್ರಮಬದ್ಧ ಮನೋಚಿಕಿತ್ಸೆಯಿಂದ ಇಂಥ ಸ್ತ್ರೀಯರಲ್ಲಿ ಆತ್ಮಹಾನಿಯ ಕೃತ್ಯಗಳು ಕಡಿಮೆಯಾದುದು ಕಂಡುಬಂದಿತು. ಇದ್ದಂತೆ ಒಪ್ಪಿಕೊಳ್ಳುವುದು, ಬದಲಾಗಲು ದುಡಿಯುವುದು, ಇವೆರಡನ್ನೂ ಒಟ್ಟಿಗೆ ಹಿಡಿಯುವುದೇ ಆಕೆಯ ಕ್ರಮದ ಸಾರ. ಯೌವನದಲ್ಲಿ ತಾನೂ ಇಂಥ ಯಾತನೆಯನ್ನು ಅನುಭವಿಸಿ ಆಸ್ಪತ್ರೆಯಲ್ಲಿ ಇದ್ದವಳೆಂದು ಆಕೆ 2011ರಲ್ಲಿ ಬಹಿರಂಗವಾಗಿ ಹೇಳಿದಳು.

ಲಂಡನ್ನಿನ ಬೇಟ್‌ಮನ್ ಮತ್ತು ಫೋನಗಿ ಎಂಬವರ ಚಿಕಿತ್ಸೆಯು ಮತ್ತೊಂದು ಬಗೆಯದು. ಸೊಸೆಯು ಬಾಗಿಲನ್ನು ದಡಾರನೆ ಹಾಕಿದಳು; ತನ್ನನ್ನು ಅವಮಾನಿಸಲೆಂದೇ ಹಾಕಿದಳೆಂದು ಅತ್ತೆಯು ನಿಶ್ಚಯಿಸಿದಳು. ಗಾಳಿಗೆ ಹಾಕಿಕೊಂಡಿರಬಹುದು, ಕೈಯಲ್ಲಿ ಮಗುವಿದ್ದಿರಬಹುದು ಎಂಬ ಯೋಚನೆಯೇ ಬರಲಿಲ್ಲ. ಪರರ ಮನಸ್ಸನ್ನೂ ತನ್ನ ಮನಸ್ಸನ್ನೂ ಹೀಗೆ ಅವಸರಪಡದೆ ಊಹಿಸುವ ಶಕ್ತಿಯನ್ನು ಬೆಳೆಸುವುದೇ ಅವರ ಉಪಾಯ. ಚಿಕಿತ್ಸೆ ಮುಗಿದು ಐದು ವರ್ಷಗಳಾದ ಮೇಲೆ ನೋಡಿ, 2008ರಲ್ಲಿ ಅವರು ಫಲವನ್ನು ಪ್ರಕಟಿಸಿದರು. ಈ ಚಿಕಿತ್ಸೆಯನ್ನು ಪಡೆದವರಲ್ಲಿ ನೂರಕ್ಕೆ 13 ಜನರಲ್ಲಿ ಮಾತ್ರ ಆ ಅಸ್ವಸ್ಥತೆಯು ಉಳಿದಿತ್ತು. ಸಾಮಾನ್ಯ ಉಪಚಾರ ಪಡೆದವರಲ್ಲಿ 87 ಜನರಲ್ಲಿ. ಪರೀಕ್ಷೆಗೆ ಒಳಪಟ್ಟವರು ನಲವತ್ತರ ಆಸುಪಾಸಿನಷ್ಟೇ ಇದ್ದುದರಿಂದ ಈ ಅಂಕಿಗಳನ್ನು ತುಸು ಹಿಡಿದು ನೋಡಬೇಕು. ಆದರೆ ಅಮೆರಿಕದ ಮೇರಿ ಜನರಿನಿಯವರು 290 ರೋಗಿಗಳನ್ನು ಹತ್ತು ವರ್ಷ ಅನುಸರಿಸಿ 2010ರಲ್ಲಿ ಹೇಳಿದುದೂ ಆಶಾದಾಯಕವೇ: ನೂರಕ್ಕೆ 93 ಜನರಲ್ಲಿ ಲಕ್ಷಣಗಳು ಎರಡು ವರ್ಷಗಳಾದರೂ ತಗ್ಗಿದ್ದುವು.

ನಮ್ಮ ಭದ್ರಾವತಿಯಲ್ಲಿ 1923ರಲ್ಲಿ ಇದ್ದಿಲನ್ನು ಉರಿಸಿ ಕಬ್ಬಿಣ ಕರಗಿಸುವ ಕುಲುಮೆಯು ಹೊತ್ತಿತು. ಆ ಊರಿನವರು ಬಲ್ಲರು, ಕುಲುಮೆಯಿಂದ ಮೊದಲು ಬರುವ ಬೀಡುಕಬ್ಬಿಣದಲ್ಲಿ ನೂರಕ್ಕೆ ನಾಲ್ಕು ಭಾಗದಷ್ಟು ಇಂಗಾಲವಿರುವುದು. ಅದು ಗಟ್ಟಿಯಾದರೂ ಪೆಟ್ಟಿಗೆ ಒಡೆಯುವುದು. ಮತ್ತೆ ಕಾಯಿಸಿ ಹೆಚ್ಚಿನ ಇಂಗಾಲವನ್ನು ಕಳೆದರೆ ಅದೇ ಉಕ್ಕಾಗಿ ಬಾಗಬಲ್ಲುದು. ಪರುಷವು ಸೋಂಕಿದೊಡನೆ ಕಬ್ಬಿಣವು ಹೊನ್ನಾಗುವುದೆಂಬ ಉಪಮೆ ನಮಗೆಲ್ಲ ಪ್ರಿಯವಾದುದು. ಗುರುಕರುಣೆಯ ಮಹಿಮೆಯನ್ನು ಹೇಳಲು ಅದು ತಕ್ಕುದೇ. ಆದರೆ ದೀಕ್ಷೆಯ ಮರುದಿನವೂ ಮಗನ ಸಿಟ್ಟು ಹೋಗಲಿಲ್ಲವೆಂದು ಗೊಣಗುವ ತಂದೆಯು ಪರುಷವನ್ನು ನೆನೆದು ಕುಲುಮೆಯನ್ನು ಮರೆತಿರುವನು. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಆರು ಮೆಟ್ಟಿಲುಗಳನ್ನು ಹಿರಿಯರು ಹೇಳಿದುದು ಅಲಂಕಾರಕ್ಕಲ್ಲ. ನಂಬಿಕೆ ಸಾಲದೆಂದು ಅಸ್ವಸ್ಥನನ್ನು ಹಳಿಯುವವರಿಂದ ಆಗಿರುವ ಕೇಡು, ದೆವ್ವ ಹಿಡಿದಿದೆಯೆಂದು ಹೊಡೆಯುವವರಿಂದ ಆದ ಕೇಡಿಗಿಂತ ಬಹಳ ಕಡಿಮೆಯೇನಲ್ಲ.

ಹಾಗಾದರೆ ಹೊಣೆ ಯಾರದು? ಸ್ವಭಾವವು ರೋಗವೆಂದರೆ ತಪ್ಪಿತಸ್ಥನಿಗೆ ನೆಪ ಸಿಕ್ಕಿತೆಂದು ಕೆಲವರು ಆಕ್ಷೇಪಿಸುವರು. ಆಕ್ಷೇಪವು ತಳ್ಳಿಹಾಕತಕ್ಕುದಲ್ಲ. ಲೈನ್‌ಹನ್ ಅವರ ಕ್ರಮದಲ್ಲಿ ರೋಗಿಗೆ ಹೇಳುವ ಮಾತಿನ ತಾತ್ಪರ್ಯವಿದು: ನಿನ್ನ ಸಂಕಟಗಳೆಲ್ಲವನ್ನೂ ನೀನೇ ತಂದುಕೊಂಡವನಲ್ಲ, ಆದರೂ ಅವುಗಳನ್ನು ಬಿಡಿಸಿಕೊಳ್ಳಬೇಕಾದವನು ನೀನೇ. ನಿಂದೆಯನ್ನು ತೆಗೆದು ಹೊಣೆಯನ್ನು ಉಳಿಸುವ ಈ ವಿವೇಚನೆ ನನಗೆ ಬಹಳ ಹಿಡಿಸಿತು. ಕರ್ಮವೆಂದು ಕೈಚೆಲ್ಲುವುದನ್ನೂ, ಕೊಬ್ಬೆಂದು ಹಳಿಯುವುದನ್ನೂ ಇದು ಒಟ್ಟಿಗೆ ನಿವಾರಿಸುವುದು. ಪರರನ್ನು ನೋಯಿಸಿಯೂ ಮರುಗದ ಸ್ವಭಾವದವರಲ್ಲಿ ಚಿಕಿತ್ಸೆಯ ಫಲ ಇಷ್ಟು ಸ್ಪಷ್ಟವಾಗಿಲ್ಲವೆಂಬುದನ್ನೂ ಹೇಳದೆ ಬಿಡಬಾರದು.

ಈ ಸಂಶೋಧನೆಗಳಲ್ಲಿ ಗೃಹಸ್ಥರು ಹೆಚ್ಚಾಗಿ ಗಮನಿಸಬೇಕಾದ ಅಂಶ ಬೇರೆ ಇದೆ. ಲಕ್ಷಣಗಳು ತಗ್ಗಿದವರು ನೂರಕ್ಕೆ 93 ಆದರೂ, ಉದ್ಯೋಗ ಮತ್ತು ಸ್ನೇಹಸಂಬಂಧಗಳೂ ಸರಿಹೋಗಿ ಪೂರ್ಣ ಚೇತರಿಸಿಕೊಂಡವರು ಅರ್ಧದಷ್ಟೇ. ಜ್ವರವಿಳಿಯಿತು, ಆದರೆ ಮನುಷ್ಯನು ಹೊಲಕ್ಕೆ ಹೋಗಲಿಲ್ಲ. ಇಲ್ಲಿ ವೈದ್ಯನ ಕೈ ನಿಲ್ಲುವುದು, ಸಮಾಜದ ಕೈ ಬೇಕಾಗುವುದು. ಚೇತರಿಸಿಕೊಳ್ಳುತ್ತಿರುವವನಿಗೆ ಒಂದು ಕಾಯಕವನ್ನು ಯಾರು ಕೊಡುವರು? ಮಠದ ದಾಸೋಹದಲ್ಲಿ ಬಡಿಸುವ ಕೆಲಸವಾದರೂ ಆಗಬಹುದು, ಅಂಗಡಿಯ ಲೆಕ್ಕವಾದರೂ ಆಗಬಹುದು. ಹಳೆಯ ರಗಳೆಯನ್ನು ಎತ್ತಿ ಆಡದವರ ನಡುವೆ ಅವನು ನಾಲ್ಕು ಗಂಟೆ ದುಡಿಯಬೇಕು. ಅವನ ಪೂರ್ವಾಶ್ರಯವನ್ನು ಕೇಳದಿರುವುದೆಂದರೆ ಇದೇ ಎಂದು ನಾನು ಭಾವಿಸಿರುವೆನು.

ಇಂಥ ಚಿಕಿತ್ಸೆ ಪರದೇಶದ ಶ್ರೀಮಂತರಿಗೆ ಮಾತ್ರವೆಂದು ತಿಳಿಯಬಾರದು. ಕೆನಡಾದಲ್ಲಿ 180 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಲೈನ್‌ಹನ್ನರ ವಿಶೇಷ ಪದ್ಧತಿಗೂ, ಅನುಭವಿ ಮನೋವೈದ್ಯರು ವ್ಯವಸ್ಥಿತವಾಗಿ ನೀಡಿದ ಉಪಚಾರಕ್ಕೂ ಫಲದಲ್ಲಿ ಹೇಳುವಂಥ ಅಂತರ ಕಾಣಲಿಲ್ಲ. ತಿಳಿವಳಿಕೆಯುಳ್ಳ ವೈದ್ಯನು, ತಪ್ಪದ ಭೇಟಿ, ದೀರ್ಘವಾದ ತಾಳ್ಮೆ ಇವೇ ಮುಖ್ಯವೆಂದಾಯಿತು. ಶಿವಮೊಗ್ಗೆಯ ಮನೋವೈದ್ಯ ಡಾ. ಅಶೋಕ ಪೈ ಅವರು 2016ರಲ್ಲಿ ತೀರಿಕೊಳ್ಳುವವರೆಗೆ ಮನಸ್ಸಿನ ರೋಗಗಳನ್ನು ಕುರಿತು ಕನ್ನಡದಲ್ಲಿ ಬರೆದು, ಚಲನಚಿತ್ರಗಳ ಮೂಲಕವೂ ತಿಳಿಹೇಳಿ ಈ ಭಾಗದ ಜನರ ಅಂಜಿಕೆಯನ್ನು ಬಹಳಮಟ್ಟಿಗೆ ಹೋಗಲಾಡಿಸಿದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದಲ್ಲಿ 2022ರಲ್ಲಿ ಆರಂಭವಾದ ಟೆಲಿಮಾನಸ್ ಎಂಬ ಉಚಿತ ದೂರವಾಣಿ ಸೇವೆಯ ಸಂಖ್ಯೆ 14416; ಕನ್ನಡದಲ್ಲಿಯೇ ಮಾತನಾಡಬಹುದು. ತನ್ನ ಜೀವಕ್ಕೆ ಹಾನಿಮಾಡಿಕೊಳ್ಳುವ ಮಾತನ್ನು ಯಾರಾದರೂ ಆಡಿದರೆ ಅದನ್ನು ನಾಟಕವೆಂದು ತಳ್ಳಿಹಾಕದೆ ಒಡನೆಯೇ ಕರೆಮಾಡತಕ್ಕದ್ದು.

ಕೊನೆಯದಾಗಿ, ಇಂಥವರೊಡನೆ ಬಾಳುವ ಹೆಂಡತಿಮಕ್ಕಳ ಮಾತು. ಕರುಣೆಯ ಹೆಸರಿನಲ್ಲಿ ಹೊಡೆತವನ್ನು ಸಹಿಸಿಕೊಂಡಿರಬೇಕೆಂದು ಯಾವ ವೈದ್ಯನೂ ಹೇಳುವುದಿಲ್ಲ, ಶರಣಧರ್ಮವೂ ಹೇಳುವುದಿಲ್ಲ. ಗಂಡನು ಕೈಯೆತ್ತಿದರೆ ಆ ರಾತ್ರಿಯೇ ತವರಿಗೆ ಹೊರಡುವ ಹೆಂಗಸು, ಅವನ ಚಿಕಿತ್ಸೆಯನ್ನು ಕೆಡಿಸಿದವಳಲ್ಲ. ಇದನ್ನು ಮಾಡಿದರೆ ನಾನಿಲ್ಲಿ ಇರೆನು, ಚಿಕಿತ್ಸೆಗೆ ನಡೆದರೆ ಜೊತೆಗೆ ಬರುವೆನು ಎಂದು ಸಮಾಧಾನದ ವೇಳೆಯಲ್ಲಿ ಒಮ್ಮೆ ಸ್ಪಷ್ಟವಾಗಿ ಹೇಳಿ, ಹೇಳಿದಂತೆ ನಡೆಯುವುದು ಆಕೆಗೂ ಕ್ಷೇಮ, ಅವನಿಗೂ ಕ್ಷೇಮ. ಮಾವನೂ ಅತ್ತೆಯೂ ಆಗ ಆಕೆಯ ಪಕ್ಕದಲ್ಲಿ ನಿಲ್ಲಬೇಕು.